ಅಗಸೆ ಬೀದಿಯ ಮೂರನೆಯ ಆಟಗಾರ

ಚೀಟಿಯಲ್ಲಿ ನನ್ನ ಹೆಸರು ಬಂದ ದಿನ ನಮ್ಮ ಬೀದಿಯವರೆಲ್ಲ ಖುಷಿಪಟ್ಟರು. ನಾನು ಹಲ್ಲಿನ ಡಾಕ್ಟರು. ಅಗಸೆ ಬೀದಿಯಲ್ಲಿ ಕ್ಲಿನಿಕ್ ಇಟ್ಟುಕೊಂಡು ಅರ್ಧ ಆಯಸ್ಸು ಕಳೆದವನು. ದಿನವಿಡೀ ಒಂದು ದವಡೆಯ ಮೂಲೆಯಲ್ಲಿ ಕೈಯಾಡಿಸುವ ಮನುಷ್ಯನಿಗೆ ಮೊಬೈಲಿನಲ್ಲಿ ಒಂದು ಗೊಂಬೆಯನ್ನು ಅತ್ತಿಂದಿತ್ತ ನಡೆಸುವುದು ಏನು ಮಹಾ ಕೆಲಸ ಎಂದು ಅವರು ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಹೆಂಡತಿ ವೈಜಯಂತಿ ಮಾತ್ರ, "ರೀ, ನೀವು ಟಿ.ವಿ. ರಿಮೋಟಲ್ಲೇ ಸೌಂಡ್ ಜಾಸ್ತಿ ಮಾಡೋಕೆ ಹೋಗಿ ಚಾನೆಲ್ ಬದಲಾಯಿಸ್ತೀರಿ" ಎಂದಳು. ಆ ಮಾತನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ.

ನಮ್ಮೂರಿನಲ್ಲಿ ಮಂಗಳವಾರ ಮತ್ತು ಶುಕ್ರವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಆಟ. ಒಂದೊಂದು ಬೀದಿಗೆ ಮೂವರು ಆಟಗಾರರು. ಅವರವರ ಮನೆಯಲ್ಲೇ ಮೊಬೈಲ್ ಹಿಡಿದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ. ಆ ಸಂಜೆಯ ಎದುರಾಳಿ ಯಾವ ಬೀದಿ ಎಂಬುದು ಸ್ಕ್ರೀನಿನ ಮೇಲೆ ಬರುತ್ತದೆ. ಒಂದು ಹಳೆಯ ಕೋಟೆ, ಅದರೊಳಗೆ ಓಣಿಗಳು, ಮೆಟ್ಟಿಲುಗಳು, ಬೇಕಾದಷ್ಟು ಗೋಡೆಗಳು. ನಮ್ಮ ಬೀದಿಯ ದೀಪವನ್ನು ಹೊತ್ತುಕೊಂಡು ಹೋಗಿ ಎದುರಿನವರ ಬಾಗಿಲಲ್ಲಿ ಇಡಬೇಕು, ಅವರು ತಮ್ಮದನ್ನು ತಂದು ನಮ್ಮ ಬಾಗಿಲಲ್ಲಿ ಇಡುವುದಕ್ಕೆ ಮೊದಲು. ಅಡ್ಡ ಬಂದವರನ್ನು ಕೋಲಿನಿಂದ ಹೊಡೆಯಬಹುದು. ಮೂರು ಏಟು ತಿಂದವರ ಆಟ ಅಂದಿಗೆ ಮುಗಿಯಿತು. ಆಮೇಲೆ ಅವರು ಮಾತಾಡಬಹುದು, ಆಡುವಂತಿಲ್ಲ. ಸೋತ ಬೀದಿಯಲ್ಲಿ ಮರುದಿನ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಶಬ್ದ ಇರುವುದಿಲ್ಲ.

ಇರುವುದಿಲ್ಲ ಎಂದರೆ ಯಾವ ಶಬ್ದವೂ ಇರುವುದಿಲ್ಲ. ಕುಕ್ಕರ್ ಕೂಗುವುದು ಗೊತ್ತಾಗುವುದಿಲ್ಲವಾದ್ದರಿಂದ ಆ ದಿನ ಎಲ್ಲರ ಮನೆಯಲ್ಲೂ ಪಾತ್ರೆಯಲ್ಲೇ ಅನ್ನ. ಸೊಪ್ಪಿನವಳು ಕೂಗುವ ಬದಲು ಒಂದು ಕಟ್ಟು ದಂಟನ್ನು ಕಿಟಕಿಯೊಳಗೆ ತೂರಿಸಿ ಅಲ್ಲಾಡಿಸುತ್ತಾಳೆ. ಗಂಡ ಹೆಂಡತಿಗೆ ಜಗಳವಾಡಲೇಬೇಕಾಗಿದ್ದರೆ ಪಕ್ಕದ ಬೀದಿಗೆ ಹೋಗಿ ಮುಗಿಸಿಕೊಂಡು ಬರುತ್ತಾರೆ. ಅಷ್ಟು ದೂರ ನಡೆಯುವಷ್ಟರಲ್ಲಿ ಎಷ್ಟೋ ಜಗಳ ಮರೆತುಹೋಗಿ, ಬಂದದ್ದು ದಂಡವಾಗಬಾರದೆಂದು ತರಕಾರಿ ಕೊಂಡು ಹಿಂದಿರುಗುತ್ತಾರೆ. ಬೀದಿಯ ಹಿರಿಯರಾದ ತಿಪ್ಪೇಸ್ವಾಮಿಯವರ ಶನಿವಾರದ ಭಜನೆ ಮೌನದ ದಿನವೂ ನಿಲ್ಲುವುದಿಲ್ಲ. ಅವರು ಕಣ್ಣು ಮುಚ್ಚಿ, ತಾಳ ಹಾಕಿ, ಬಾಯ್ತುಂಬ ಹಾಡುತ್ತಾರೆ. ಅಂಥ ಶನಿವಾರಗಳಲ್ಲಿ ಜನ ಸ್ವಲ್ಪ ಹೆಚ್ಚೇ ಸೇರುತ್ತಾರೆ.

ಮೂವರಲ್ಲಿ ಹಳಬರೊಬ್ಬರು ವರ್ಷಕ್ಕೊಮ್ಮೆ ಇಳಿಯುತ್ತಾರೆ, ಚೀಟಿ ಎತ್ತಿ ಹೊಸಬರೊಬ್ಬರನ್ನು ಸೇರಿಸುತ್ತಾರೆ. ಬೀದಿಯಲ್ಲಿ ಓಟು ಹಾಕುವ ವಯಸ್ಸಾದವರೆಲ್ಲರ ಹೆಸರೂ ಚೀಟಿ ಎತ್ತುವ ಕೊಡದಲ್ಲಿರುತ್ತದೆ. ಹೆಸರು ಬಂದವರು ಒಲ್ಲೆ ಎನ್ನಬಹುದು. ಆದರೆ ಅವರ ಬದಲಿಗೆ ಇನ್ನೊಬ್ಬರಿಲ್ಲ. ಆ ವರ್ಷವೆಲ್ಲ ಬೀದಿಗೆ ಇಬ್ಬರೇ. ನಾನು ಸೇರಿದಾಗ ಇದ್ದ ಇಬ್ಬರು, ಹಿಟ್ಟಿನ ಗಿರಣಿಯ ನೀಲಾಂಬಿಕೆ ಮತ್ತು ಹಾಸಿಗೆ ಹೊಲಿಯುವ ಇನಾಯತ್. ನೀಲಾಂಬಿಕೆಯವರಿಗೆ ಐವತ್ತು ಹತ್ತಿರವಾಗಿತ್ತು. ಊರಿಗೆಲ್ಲ ಹೆಸರಾದ ಆಟಗಾರ್ತಿ. ಬೇರೆ ಬೀದಿಯವರು ಹಿಟ್ಟು ಬೀಸಿಸುವ ನೆಪದಲ್ಲಿ ಬಂದು ಆಕೆಯ ಹೆಬ್ಬೆರಳನ್ನು ನೋಡಿಕೊಂಡು ಹೋಗುತ್ತಿದ್ದರು. ಇನಾಯತ್ ಇನ್ನೂ ಮೂವತ್ತು ತುಂಬದ ಹುಡುಗ. ಕೋಲು ಬೀಸುವುದರಲ್ಲಿ ಅವನ ಸಮಕ್ಕೆ ಯಾರೂ ಇರಲಿಲ್ಲ. ಬೈಯುವುದರಲ್ಲೂ ಇರಲಿಲ್ಲ.

ಮೊದಲ ಆಟದಲ್ಲಿ ನಾನು ಗೋಡೆಗೆ ಮುಖ ಮಾಡಿ ನಿಂತೆ. ನಿಲ್ಲಬೇಕೆಂದು ನಿಂತದ್ದಲ್ಲ, ನಡೆಯುತ್ತಿದ್ದೇನೆಂದೇ ತಿಳಿದಿದ್ದೆ.

"ಡಾಕ್ಟ್ರೇ, ಎಡಕ್ಕೆ! ಎಡಕ್ಕೆ ಬನ್ನಿ!" ಎಂದು ಇನಾಯತ್ ಕಿವಿಯಲ್ಲಿ ಕೂಗಿದ.

"ಬರ್ತಾ ಇದ್ದೀನಪ್ಪ."

"ಎಲ್ಲಿ ಬರ್ತಾ ಇದ್ದೀರಿ? ಆಗಿಂದ ಗೋಡೆ ನೆಕ್ತಾ ನಿಂತಿದ್ದೀರಿ!"

ಹೇಗೋ ಗೋಡೆಯಿಂದ ಬಿಡಿಸಿಕೊಂಡು ಒಂದು ಓಣಿಗೆ ಬಂದೆ. ಎದುರಿಗೊಬ್ಬ ಸಿಕ್ಕಿದ. ಸಿಕ್ಕವರನ್ನು ಹೊಡೆಯಬೇಕು ಎಂದು ಹೇಳಿಕೊಟ್ಟಿದ್ದರಲ್ಲ, ಹೊಡೆದೆ. ಮೂರು ಏಟೂ ಚೆನ್ನಾಗಿ ಬಿದ್ದವು. ಅವನು ಉರುಳಿದ.

"ಅಕ್ಕ," ಎಂದ ಇನಾಯತ್ ಬಹಳ ಮೆಲ್ಲಗೆ, "ಡಾಕ್ಟ್ರು ನನ್ನನ್ನೇ ಹೊಡೆದು ಹಾಕಿದ್ರು."

"ಏಟು ಗುರಿ ತಪ್ಪಲಿಲ್ಲ ನೋಡು," ಎಂದರು ನೀಲಾಂಬಿಕೆ. "ಅಷ್ಟು ಬಂತಲ್ಲ. ಯಾರಿಗೆ ಹೊಡೀಬೇಕು ಅನ್ನೋದು ಮುಂದಿನ ವಾರ ಕಲಿಯೋಣ."

ಅಂದಿನಿಂದ ಸೋಲು ಶುರುವಾಯಿತು. ಬುಧವಾರ ಮೌನ, ಶನಿವಾರ ಮೌನ, ಮತ್ತೆ ಬುಧವಾರ ಮೌನ. ಜನ ಬೇಸರಪಟ್ಟುಕೊಂಡರು, ಆದರೆ ಬೇಸರ ಹೆಚ್ಚಿ ಬೈಯಲು ಬರುವ ದಿನವೇ ಬೀದಿಯಲ್ಲಿ ಶಬ್ದ ಇರುತ್ತಿರಲಿಲ್ಲವಾಗಿ ನನಗೆ ಅದು ತಲುಪುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಬಾಯಿ ಆಡಿಸಿ ಹೋಗುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ತೊಂದರೆ ಬಂದದ್ದು ನನ್ನ ಕ್ಲಿನಿಕ್ಕಿನಿಂದ. ಮೌನದ ದಿನ ಹಲ್ಲು ಕೊರೆಯುವ ಮಿಷನ್ನಿಗೂ ಸದ್ದಿಲ್ಲ. ಆ ಸದ್ದಿಗೇ ಹೆದರಿ ವರ್ಷಗಟ್ಟಲೆ ಹುಳುಕು ಇಟ್ಟುಕೊಂಡಿದ್ದವರು ಊರಿನ ಎಲ್ಲ ಕಡೆಯಿಂದ ನಮ್ಮ ಬೀದಿಗೆ ಬರತೊಡಗಿದರು. ತಾವು ಅರಚಿದರೂ ಹೊರಗೆ ಕೂತವರಿಗೆ ಕೇಳಿಸುವುದಿಲ್ಲ ಎಂಬ ಧೈರ್ಯ ಬೇರೆ. ಬುಧವಾರ ಬಂತೆಂದರೆ ಬೆಂಚು ಸಾಲದೆ ಜನ ಜಗಲಿಯ ಮೇಲೆ ಕೂರುತ್ತಿದ್ದರು. ಇದನ್ನು ತಿಪ್ಪೇಸ್ವಾಮಿಯವರು ಗಮನಿಸಿದರು. ಒಂದು ಶನಿವಾರ ಬೀದಿಯ ಸಭೆ ಕರೆದರು. ನಮ್ಮಲ್ಲಿ ಶಬ್ದವಿರಲಿಲ್ಲವಾದ್ದರಿಂದ ಸಭೆ ಪಕ್ಕದ ಬೀದಿಯ ಕಾಫಿಪುಡಿ ಅಂಗಡಿಯ ಮುಂದೆ ನಡೆಯಿತು.

"ನಾನು ಯಾರ ಮೇಲೂ ತಪ್ಪು ಹೊರಿಸ್ತಾ ಇಲ್ಲ," ಎಂದು ಅವರು ಶುರುಮಾಡಿದರು. "ಬೀದಿ ಸೋತರೆ ಒಬ್ಬರಿಗೆ ಮಾತ್ರ ಒಳ್ಳೇದಾಗ್ತಾ ಇದೆ ಅಂತ ಹೇಳ್ತಾ ಇದ್ದೀನಿ, ಅಷ್ಟೆ. ಬೇಕು ಬೇಕಂತಲೇ ಗೋಡೆಗೆ ಮುಖ ಮಾಡಿ ನಿಲ್ಲೋರನ್ನ ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಬೇಕೆಂದು ನಿಂತದ್ದಲ್ಲ, ನನಗೆ ಆಡಲು ಬರುವುದಿಲ್ಲ ಎಂದು ಅಷ್ಟು ಜನರ ಮುಂದೆ ಹೇಳಿಕೊಳ್ಳುವುದು ಸುಲಭದ ಮಾತಾಗಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಇನಾಯತ್ ಎದ್ದು ನಿಂತ.

"ತಿಪ್ಪೇಸ್ವಾಮಿಗಳೇ, ಬೇಕಂತ ಅಷ್ಟು ಕೆಟ್ಟದಾಗಿ ಆಡೋಕೆ ಯಾರ ಕೈಲೂ ಆಗಲ್ಲ. ನಾನು ಪ್ರಯತ್ನಪಟ್ಟು ನೋಡಿದ್ದೀನಿ, ಬರಲಿಲ್ಲ. ಇವರು ನಿಜವಾಗ್ಲೂ ಹೀಗೇ."

ನನ್ನ ಪರವಾಗಿ ಯಾರಾದರೂ ಆಡಿದ ಮಾತು ಅದೊಂದೇ. ಸಭೆ ನಂಬಿತು. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ. ಆಟ ಬಿಟ್ಟುಬಿಡುವುದೇ ಸರಿ ಎಂದು ತೀರ್ಮಾನಿಸಿ, ವೈಜಯಂತಿಗೂ ತಿಳಿಸದೆ ಅದೇ ಮಧ್ಯಾಹ್ನ ನೀಲಾಂಬಿಕೆಯವರ ಮನೆಗೆ ಹೋದೆ. ಮಾತಾಡಲಾಗದಿದ್ದರೂ ಕೈಸನ್ನೆಯಲ್ಲಿ ಹೇಳಬಹುದಲ್ಲ. ಮುಂದುಗಡೆ ಗಿರಣಿ, ಹಿಂದುಗಡೆ ಮನೆ. ಗಿರಣಿಯ ಪಟ್ಟಿ ಸದ್ದಿಲ್ಲದೆ ತಿರುಗುತ್ತಿತ್ತು, ಆಕೆಯ ಗಂಡ ಮರುಳಸಿದ್ದಪ್ಪ ಚೀಲದ ಬಾಯಿ ಹಿಡಿದು ಕೂತಿದ್ದ. ಒಳಗೆ ಹೋಗಿ ಎಂದು ಗದ್ದ ಎತ್ತಿ ತೋರಿಸಿದ.

ನೀಲಾಂಬಿಕೆ ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದರು. ಆಕೆಯ ಸೊಂಟಕ್ಕೆ ಒಂದು ನೂಲಿನ ಹಗ್ಗ ಕಟ್ಟಿತ್ತು. ಹಗ್ಗ ಹೊಸ್ತಿಲು ದಾಟಿ ನಡುಮನೆಗೆ ಹೋಗಿತ್ತು. ಅಲ್ಲಿ ಮಂಚದ ಮೇಲೆ ಆಕೆಯ ಅತ್ತೆ ಹಾಲಮ್ಮ ಒರಗಿದ್ದರು. ಹಗ್ಗದ ಇನ್ನೊಂದು ತುದಿ ಅವರ ಮಣಿಕಟ್ಟಿನಲ್ಲಿತ್ತು. ಹಾಲಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ಬಹಳ ಕಾಲವಾಗಿತ್ತು, ಸೊಂಟದ ಮೂಳೆ ಮುರಿದ ಮೇಲೆ ಮಂಚ ಬಿಟ್ಟು ಇಳಿಯುತ್ತಿರಲಿಲ್ಲ. ಅವರು ಹಗ್ಗವನ್ನು ಮೆಲ್ಲಗೆ ಜಗ್ಗುತ್ತಿದ್ದರು. ನೀಲಾಂಬಿಕೆ ಮೊಣಕೈಯಿಂದ ತಿರುಗಿ ಜಗ್ಗುತ್ತಿದ್ದರು. ಒಂದು ಸಲ ರೊಟ್ಟಿ ಹಂಚಿಗೆ ಹಾಕುವ ಹೊತ್ತಿನಲ್ಲಿ ತಿರುಗಿ ಜಗ್ಗುವುದು ತಡವಾಯಿತು. ಹಾಲಮ್ಮ ಮತ್ತೆ ಜಗ್ಗಿದರು. ಮತ್ತೆ. ಆಮೇಲೆ ಅರ್ಧ ಎದ್ದು ಕೂತು, ಬಾಯಿ ಅಗಲ ಮಾಡಿ ಕೂಗಿದರು. ಕೂಗು ಕೇಳಿಸಲಿಲ್ಲ, ಕುತ್ತಿಗೆಯ ನರ ಉಬ್ಬಿದ್ದು ಕಾಣಿಸಿತು. ಕಣ್ಣಿಲ್ಲದವರಿಗೆ ಕಿವಿಯೂ ಹೋದರೆ ಮನೆಯಲ್ಲಿ ಯಾರಾದರೂ ಇದ್ದಾರೆಂದು ತಿಳಿಯುವುದು ಹೇಗೆ? ನೀಲಾಂಬಿಕೆ ಓಡಿಬಂದು ಹಿಟ್ಟಿನ ಕೈಯಲ್ಲೇ ಅತ್ತೆಯ ಕೆನ್ನೆ ಹಿಡಿದುಕೊಂಡರು. ಮುದುಕಿಯ ಮುಖವೆಲ್ಲ ಜೋಳದ ಹಿಟ್ಟಾಯಿತು. ಉಸಿರು ಹದಕ್ಕೆ ಬರುವವರೆಗೆ ಹಾಗೇ ಹಿಡಿದುಕೊಂಡಿದ್ದರು. ನಾನು ಸದ್ದಾಗದಂತೆ ಹಿಂದಕ್ಕೆ ಸರಿದೆ. ಸದ್ದಾಗುವ ಹೆದರಿಕೆ ಅವತ್ತು ಇರಲಿಲ್ಲ, ಆದರೂ ಹಾಗೇ ನಡೆದೆ.

ಮರುದಿನ ಗಿರಣಿಯ ಹತ್ತಿರ ನೀಲಾಂಬಿಕೆಯವರೇ ಕೇಳಿದರು. "ಏನ್ ಡಾಕ್ಟ್ರೇ, ನಿನ್ನೆ ಬಂದು ಹಾಗೇ ಹೋದ್ರಂತೆ?"

"ಆಟ ಬಿಡ್ತೀನಿ ಅಂತ ಹೇಳೋಕೆ ಬಂದಿದ್ದೆ."

"ಬಿಟ್ಟು?"

"ನೀವಿಬ್ಬರು ಚೆನ್ನಾಗಿ ಆಡ್ತೀರಲ್ಲ."

"ಮೂವರ ಮುಂದೆ ಇಬ್ಬರು ಎಷ್ಟು ಚೆನ್ನಾಗಿ ಆಡಿ ಏನ್ಮಾಡೋದು? ನೀವು ಗೋಡೆಗೆ ಮುಖ ಮಾಡಿ ನಿಂತಿದ್ರೂ ನಿಮ್ಮನ್ನ ಹೊಡೆಯೋಕೆ ಅವರಲ್ಲೊಬ್ಬ ಅಲ್ಲಿಗೆ ಬರ್ಬೇಕಲ್ಲ. ಅಷ್ಟು ಹೊತ್ತು ನಮಗೆ ಒಬ್ಬನ ಕಾಟ ತಪ್ಪತ್ತೆ."

ನನ್ನಿಂದ ಬೀದಿಗೆ ಏನು ಉಪಯೋಗವೆಂಬುದು ಆಗ ತಿಳಿಯಿತು. "ನಿಮ್ಮತ್ತೆ ವಿಷಯ ನನಗೆ ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ರೆ ಚೆನ್ನಾಗಿ ಆಡ್ತಿದ್ರಾ?"

ನಾನು ಯೋಚಿಸಿದೆ. "ಇಲ್ಲ. ಇನ್ನೂ ಕೆಟ್ಟದಾಗಿ ಆಡ್ತಿದ್ದೆ."

"ಅದಕ್ಕೇ ಹೇಳಲಿಲ್ಲ."

"ಇನಾಯತ್‌ಗೆ ಗೊತ್ತಾ?"

"ಗೊತ್ತು. ನಮ್ಮತ್ತೆ ಎತ್ತಿ ಆಡಿಸಿದ ಹುಡುಗ ಅವನು. ಅದಕ್ಕೇ ನಿಮಗೆ ಅಷ್ಟು ಬೈಯೋದು," ಎಂದು ಆಕೆ ಜರಡಿ ಕೈಗೆತ್ತಿಕೊಂಡರು. "ನಾಳೆಯಿಂದ ಮಧ್ಯಾಹ್ನ ಊಟ ಆದ್ಮೇಲೆ ಮೊಬೈಲ್ ತೆಗೆದು ಕೂತ್ಕೊಳ್ಳಿ. ಹೊಡೆಯೋದು ಬೇಡ, ಬರೀ ನಡೆಯೋದು ಕಲಿಸ್ತೀನಿ."

ಆಟವಿಲ್ಲದ ಹೊತ್ತಿನಲ್ಲಿ ಕೋಟೆ ಖಾಲಿ ಇರುತ್ತದೆ, ಯಾರು ಬೇಕಾದರೂ ಹೋಗಿ ತಿರುಗಾಡಬಹುದು. ನೀಲಾಂಬಿಕೆಯವರ ಗೊಂಬೆ ಮುಂದೆ, ನನ್ನದು ಹಿಂದೆ. ಆಕೆ ಒಂದು ಮೂಲೆಯವರೆಗೆ ಹೋಗಿ ನಿಂತು, ನಾನು ಬರುವವರೆಗೆ ಕೋಲನ್ನು ನೆಲಕ್ಕೆ ಕುಟ್ಟುತ್ತಿರುವುದು. ನಾನು ಎರಡು ಗೋಡೆಗೆ ಢಿಕ್ಕಿ ಹೊಡೆದು, ಒಂದು ಮೆಟ್ಟಿಲಿಂದ ಉರುಳಿ, ಬಂದು ಸೇರುವುದು. "ಬಂದ್ರಾ? ಸರಿ, ಇನ್ನೊಂದು ಮೂಲೆ." ಮಳೆಗಾಲ ಶುರುವಾಗಿ ಮುಗಿಯುವವರೆಗೂ ನಾವು ಮೂಲೆಯಿಂದ ಮೂಲೆಗೆ ನಡೆದೆವು. ಆಕೆ ಒಂದು ದಿನವೂ ದನಿ ಎತ್ತಲಿಲ್ಲ. ಒಮ್ಮೊಮ್ಮೆ ಮಾತ್ರ, ನಾನು ಬಂದ ದಾರಿಯಲ್ಲೇ ವಾಪಸು ಹೋಗುತ್ತಿದ್ದಾಗ, "ಒಂದ್ನಿಮಿಷ ಡಾಕ್ಟ್ರೇ, ಹಿಟ್ಟು ನೋಡಿ ಬರ್ತೀನಿ" ಎಂದು ಎದ್ದು ಹೋಗುತ್ತಿದ್ದರು. ಆಕೆ ಗಿರಣಿ ಚಾಲೂ ಮಾಡಿ, ಆ ಸದ್ದಿನಲ್ಲಿ ನನ್ನನ್ನು ಮನಸಾರೆ ಬೈದು, ಗಿರಣಿ ನಿಲ್ಲಿಸಿ ಬರುತ್ತಿದ್ದರೆಂದು ಮರುಳಸಿದ್ದಪ್ಪ ಆಮೇಲೆ ಹೇಳಿದ. ಏನೇನು ಬೈಯುತ್ತಿದ್ದರು ಎಂದು ಕೇಳಿದೆ. "ಗಿರಣಿ ಸದ್ದಲ್ಲಿ ನನಗೂ ಸರಿಯಾಗಿ ಕೇಳಿಸ್ಲಿಲ್ಲ ಡಾಕ್ಟ್ರೇ" ಎಂದ. ಒಳ್ಳೆಯ ಮನುಷ್ಯ.

ದೀಪಾವಳಿಯ ಹೊತ್ತಿಗೆ ನಾನು ಯಾರಿಗೂ ಅಡ್ಡ ಬರದೆ ಕೋಟೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬಲ್ಲವನಾಗಿದ್ದೆ. ಆಮೇಲೆ ಆಕೆ ದೀಪ ಹೊರುವುದು ಕಲಿಸಿದರು. ಕೊನೆಗೆ ಹೊಡೆಯುವುದು. ನಮ್ಮ ಬೀದಿ ಸೋತಷ್ಟೇ ಗೆಲ್ಲತೊಡಗಿತು. ಕ್ಲಿನಿಕ್ಕಿಗೆ ಬರುವವರು ಕಡಿಮೆಯಾದರು. ನಾನು ಬೇಕೆಂದು ಸೋಲುತ್ತಿರಲಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ ಎಂದು ತಿಪ್ಪೇಸ್ವಾಮಿಯವರು ಒಪ್ಪಿಕೊಂಡು, ಹಳೆಯ ಸ್ನೇಹ ಕುದುರಿಸುವ ಸಲುವಾಗಿ ಒಂದು ದವಡೆ ಹಲ್ಲು ಕೀಳಿಸಿಕೊಂಡು ಹೋದರು.

ಹೊಸ ವರ್ಷದ ಚೀಟಿಗೆ ನೀಲಾಂಬಿಕೆಯವರ ಅವಧಿ ಮುಗಿಯಿತು. ತಿಪ್ಪೇಸ್ವಾಮಿಯವರು ಕೊಡದೊಳಗೆ ಕೈ ಹಾಕಿ ಚೀಟಿ ಎತ್ತಿ ಬಿಡಿಸಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. "ಹಾಲಮ್ಮ. ಗಿರಣಿ ಮನೆ" ಎಂದರು. ಸೋಲದೆಯೇ ನಮ್ಮ ಬೀದಿ ಅಷ್ಟು ನಿಶ್ಶಬ್ದವಾದದ್ದು ಅದೇ ಮೊದಲು.

ಒಲ್ಲೆ ಎನ್ನಲಿ ಎಂದೇ ಎಲ್ಲರೂ ಮಂಚದ ಸುತ್ತ ನೆರೆದೆವು. ನೀಲಾಂಬಿಕೆ ವಿಷಯ ಹೇಳಿ, "ಅತ್ತೆ, ನಿಮಗೆ ಕಣ್ಣು ಕಾಣಲ್ಲ, ಬೇಡ ಅಂದ್ಬಿಡಿ" ಎಂದರು.

"ಕಣ್ಣು ಕಾಣೋ ಡಾಕ್ಟ್ರು ಏನ್ ಕಡಿದು ಕಟ್ಟೆ ಹಾಕಿದ್ರು?" ಎಂದರು ಹಾಲಮ್ಮ. ನಾನು ಎದುರಿಗೇ ಇದ್ದೆ. "ನೀವೆಲ್ಲ ಆಡ್ತೀರಿ, ನಾನು ಮಂಚದ ಮೇಲೆ ಕೂತು ಗೆದ್ರಾ ಸೋತ್ರಾ ಅಂತ ಕೇಳ್ಕೊಂಡಿರ್ಬೇಕು. ಹೆಸರು ತಾನಾಗೇ ಬಂದಿದೆ. ಆಡ್ತೀನಿ."

ಇಳಿದವರು ಹೊಸಬರಿಗೆ ಆಟದ ಹೊತ್ತಿನಲ್ಲಿ ನೆರವಾಗುವಂತಿಲ್ಲ. ನೀಲಾಂಬಿಕೆಯವರಿಗೆ ಅತ್ತೆಯ ಮೊಬೈಲನ್ನು ಚಾರ್ಜಿಗೆ ಹಾಕುವುದಷ್ಟೇ ಉಳಿಯಿತು. ದಾರಿ ಹೇಳಬೇಕಾದವರು ನಾನು ಮತ್ತು ಇನಾಯತ್. ದೀಪ ಹೊರುವವರಿಗೆ ಹೊಡೆಯುವ ಕೆಲಸ ಕಡಿಮೆ, ನಡೆದರೆ ಸಾಕು ಎಂದು ಹಾಲಮ್ಮನಿಗೆ ದೀಪ ಕೊಟ್ಟೆವು.

"ಎಡಕ್ಕೆ ಅಜ್ಜಿ," ಎನ್ನುತ್ತಿದ್ದೆ ನಾನು.

"ನನ್ನ ಎಡವೋ, ನಿನ್ನ ಎಡವೋ?"

"ಇಬ್ಬರದೂ ಒಂದೇ ಎಡ ಅಜ್ಜಿ."

"ಅದು ಹೇಗಾಗತ್ತೆ? ನೀನು ನಿಮ್ಮನೇಲಿದ್ದೀಯ, ನಾನು ನಮ್ಮನೇಲಿದ್ದೀನಿ."

ಇದನ್ನು ವಿವರಿಸಿ ಮುಗಿಸುವಷ್ಟರಲ್ಲಿ ಎದುರಿನವರು ತಮ್ಮ ದೀಪ ಇಟ್ಟು, ಊಟಕ್ಕೆ ಎದ್ದು ಹೋಗಿರುತ್ತಿದ್ದರು. ನನ್ನನ್ನು ವರ್ಷವಿಡೀ ಬೈದಿದ್ದ ಇನಾಯತ್ ಅಜ್ಜಿಗೆ ಒಂದು ಮಾತೂ ಆಡಲಿಲ್ಲ. ಅವನು ಹಲ್ಲು ಕಡಿಯುವುದು ಮಾತ್ರ ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಹಾಗೆ ಕಡಿದರೆ ಹಲ್ಲು ಸವೆಯುತ್ತದೆ ಎಂದು ಹೇಳಿದೆ. "ಹೌದಾ ಡಾಕ್ಟ್ರೇ," ಎಂದು ಇನ್ನಷ್ಟು ಕಡಿದ.

ತಾಳ್ಮೆ ಕೆಟ್ಟದ್ದು ನನಗೆ. ಒಂದು ಶುಕ್ರವಾರ ಗೆಲ್ಲುವ ಆಟ ಕೈಯಲ್ಲಿತ್ತು. ಹಾಲಮ್ಮ ಬಾಗಿಲ ಹತ್ತಿರದವರೆಗೂ ಹೋಗಿ, ಒಂದು ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. "ಎಷ್ಟು ಸಲ ಹೇಳೋದು ಅಜ್ಜಿ! ಬಲಕ್ಕೆ, ಬಲಕ್ಕೆ, ಬಲಕ್ಕೆ!" ಎಂದು ನಾನು ಮನೆ ಅದುರುವಂತೆ ಕೂಗಿದೆ. ವೈಜಯಂತಿ ಅಡಿಗೆಮನೆಯಿಂದ ಹೊರಗೆ ಬಂದು ನನ್ನ ಮುಖ ನೋಡಿದಳು.

"ನನ್ನ ಮಗನಿಗೆ ಲೆಕ್ಕ ಹೇಳಿಕೊಡೋವಾಗ ನಾನೂ ಹೀಗೇ ಕೂಗ್ತಿದ್ದೆ ಡಾಕ್ಟ್ರಪ್ಪ," ಎಂದರು ಹಾಲಮ್ಮ. "ಅವನಿಗೆ ಇವತ್ತಿಗೂ ಲೆಕ್ಕ ಬರಲ್ಲ."

ನಾವು ಸೋತೆವು. ಮರುದಿನ ಕ್ಲಿನಿಕ್ಕಿನಲ್ಲಿ ಜನ ತುಂಬಿದ್ದರೂ ಬಾಗಿಲು ಹಾಕಿಕೊಂಡು ಗಿರಣಿ ಮನೆಗೆ ಹೋದೆ. ಮಂಚದ ಪಕ್ಕ ಕೂತು ಹಾಲಮ್ಮನ ಕೈ ಹಿಡಿದುಕೊಂಡೆ. ಅವರು ನನ್ನ ಬೆರಳನ್ನು ಮೂಗಿನ ಹತ್ತಿರ ಒಯ್ದು ಮೂಸಿ, 'ಡಾಕ್ಟ್ರು' ಎನ್ನುವಂತೆ ತುಟಿಯಾಡಿಸಿದರು. ಹಲ್ಲುನೋವಿಗೆ ಹಚ್ಚುವ ಲವಂಗದೆಣ್ಣೆಯ ವಾಸನೆ ನನ್ನ ಕೈ ಬಿಟ್ಟು ಹೋಗುವುದೇ ಇಲ್ಲ. ಕೂಗಿದ್ದು ತಪ್ಪಾಯಿತು ಎಂದು ಹೇಳಬೇಕಿತ್ತು, ಹೇಳುವ ದಾರಿ ಇರಲಿಲ್ಲ. ಸುಮ್ಮನೆ ಕೂತಿರಲಾರದೆ ಅವರ ಅಂಗೈಯ ಬಲ ಅಂಚನ್ನು ಹೆಬ್ಬೆರಳಿನಿಂದ ಒತ್ತಿದೆ. ಹಾಲಮ್ಮ ತಲೆ ಓರೆ ಮಾಡಿದರು. ಮತ್ತೆ ಒತ್ತಿದೆ. ಆಮೇಲೆ ಎಡ ಅಂಚು. ಬೆರಳುಗಳ ಬುಡ ಒತ್ತಿದರೆ ಮುಂದಕ್ಕೆ, ಮಣಿಕಟ್ಟು ಒತ್ತಿದರೆ ನಿಲ್ಲು. ಅವರಿಗೆ ತಿಳಿಯಿತು. ಇನ್ನೊಂದು ಕೈಯ ಹೆಬ್ಬೆರಳನ್ನು ಮೊಬೈಲ್ ಹಿಡಿದಂತೆ ಆಡಿಸಿ ತೋರಿಸಿದರು. ಎಡ ಯಾರದು ಎಂಬ ಜಗಳ ಅಲ್ಲಿ ಬರಲಿಲ್ಲ. ಒತ್ತಿದ ಕಡೆ ಹೋದರಾಯಿತು.

ಅಂದು ಸಂಜೆಯವರೆಗೆ ನಾವು ಅಂಗೈಯಲ್ಲೇ ಕೋಟೆಯನ್ನೆಲ್ಲ ತಿರುಗಿದೆವು. ಮಧ್ಯದಲ್ಲಿ ಒಮ್ಮೆ ನೋಡಿದರೆ ನೀಲಾಂಬಿಕೆ ಹಗ್ಗ ಬಿಚ್ಚಿಟ್ಟು ಗೋಡೆ ಬದಿಗೆ ಚಾಪೆಯ ಮೇಲೆ ನಿದ್ದೆ ಹೋಗಿದ್ದರು. ಮೌನದ ದಿನ ಆಕೆ ಹಗಲು ಮಲಗಿದ್ದನ್ನು ತಾನು ನೋಡಿಯೇ ಇರಲಿಲ್ಲವೆಂದು ಹೊತ್ತು ಮುಳುಗಿದ ಮೇಲೆ ಮರುಳಸಿದ್ದಪ್ಪ ಹೇಳಿದ. ಮುಂದಿನ ಮೌನದ ದಿನ ಇನಾಯತ್ ಬಂದು ಕೂತ. ಅದರ ಮುಂದಿನ ಸಲ ವೈಜಯಂತಿ ಹೋದಳು. ಅವಳಿಗೆ ಕೋಟೆಯ ದಾರಿ ಗೊತ್ತಿಲ್ಲವಾದ್ದರಿಂದ ಹಾಲಮ್ಮನೇ ಅವಳ ಅಂಗೈ ಒತ್ತಿ ಕಲಿಸಿದರಂತೆ.

ಆಟದ ಸಂಜೆ ನಾನೂ ಇನಾಯತ್ತೂ ಅವರ ಮಂಚದ ಮೇಲೇ ಕೂತು ಆಡತೊಡಗಿದೆವು. ನನ್ನ ಎರಡು ಕೈಗೂ ಮೊಬೈಲ್ ಇರುತ್ತಿದ್ದುದರಿಂದ ಕಾಲಿನಿಂದ ಅವರ ಪಾದ ಒತ್ತುತ್ತಿದ್ದೆ. "ನಿನ್ನ ಕಾಲು ಐಸ್ ಇದ್ದ ಹಾಗಿದೆ ಡಾಕ್ಟ್ರಪ್ಪ" ಎಂದು ಅವರು ಬೈದ ಮೇಲೆ ಕಾಲುಚೀಲ ಹಾಕಿಕೊಂಡು ಹೋಗುತ್ತಿದ್ದೆ. ಅಪರೂಪಕ್ಕೊಮ್ಮೆ ಗೆದ್ದೆವು. ಗೆದ್ದ ರಾತ್ರಿ ಹಾಲಮ್ಮ ತಾನು ಯಾವ ಮೂಲೆಯಲ್ಲಿ ಹೇಗೆ ತಿರುಗಿದೆ ಎಂಬುದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಒಂದೇ ಬೇಸರವೆಂದರೆ ಅವರ ಕೈಯಲ್ಲಿ ದೀಪ ಇರುತ್ತಿದ್ದುದರಿಂದ ಯಾರನ್ನೂ ಹೊಡೆಯಲು ನಾವು ಬಿಡುತ್ತಿರಲಿಲ್ಲ. "ಇಷ್ಟು ದಿನ ಆಡ್ತಾ ಇದ್ದೀನಿ, ಒಬ್ಬನ ಬೆನ್ನ ಮೇಲೂ ಒಂದು ಏಟು ಹಾಕಿಲ್ಲ" ಎಂದು ಗೊಣಗುತ್ತಿದ್ದರು.

ಆ ವರ್ಷ ನೀಲಾಂಬಿಕೆಯವರ ಮಗಳು ಸುಮಂಗಲೆಗೆ ಹೆಣ್ಣು ಮಗುವಾಯಿತು. ನಾಮಕರಣ ಅಜ್ಜಿ ಮನೆಯಲ್ಲೇ ಎಂದು ಗೊತ್ತಾಯಿತು. ಆ ಮನೆಯಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಹಿರಿಯ ಹೆಂಗಸಿನ ಕೆಲಸ. ದಿನ ನೋಡಿದ ಅಯ್ಯನವರು ಶನಿವಾರ ಬೆಳಿಗ್ಗೆ ಎಂದರು. ಶುಕ್ರವಾರ ಗೆಲ್ಲಲೇಬೇಕಾಯಿತು.

ಎದುರಿಗೆ ಬಂದದ್ದು ಗಾಣದ ಬೀದಿ. ಊರಿನಲ್ಲೇ ಗಟ್ಟಿಗರು. ನೀಲಾಂಬಿಕೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಇನಾಯತ್ ಅಂದು ಆಡಿದಂತೆ ಯಾವತ್ತೂ ಆಡಿರಲಿಲ್ಲ. ಒಬ್ಬನೇ ಇಬ್ಬರನ್ನು ಕೆಡವಿ, ಎರಡನೆಯವನ ಜೊತೆ ತಾನೂ ಬಿದ್ದ. ಉಳಿದ ಮೂರನೆಯವನನ್ನು ನಾನು ಓಣಿಯ ಬಾಯಲ್ಲಿ ತಡೆದು ನಿಂತು, ಅವನ ಹೊತ್ತು ಸಾಕಷ್ಟು ಕಳೆದು, ಬಿದ್ದೆ. ಅಷ್ಟರಲ್ಲಿ ಹಾಲಮ್ಮ ದೀಪ ಹೊತ್ತು ಗಾಣದ ಬೀದಿಯ ಬಾಗಿಲ ಮುಂದಿದ್ದರು. ಹಿಂದಿನಿಂದ ಬಂದವನು ಎರಡು ಏಟು ಹಾಕಿದ. ಅವರ ಮೊಬೈಲ್ ಎರಡು ಸಲ ನಡುಗಿತು.

"ಯಾರೋ ಹೊಡೆದ್ರು ನನಗೆ."

"ಹೊಡೀಲಿ ಬಿಡಿ ಅಜ್ಜಿ, ಮುಂದಕ್ಕೆ ಹೋಗಿ. ಬಾಗಿಲು ಎದುರಿಗೇ ಇದೆ," ಎಂದು ನಾನು ಪಾದ ಒತ್ತಿದೆ.

"ಮುಂದಕ್ಕೆ ಅಜ್ಜಿ," ಎಂದ ಇನಾಯತ್.

"ಎರಡು ಹೊಡೆದಿದ್ದಾನೆ. ಹಾಗೇ ಬಿಟ್ಟು ಹೋಗೋಕಾಗತ್ತಾ?" ಎಂದು ಹಾಲಮ್ಮ ಹಿಂದಕ್ಕೆ ತಿರುಗಿ ಕೋಲು ಬೀಸಿದರು. ಮೂರನೆಯ ಏಟು ಅವರಿಗೇ ಬಿತ್ತು. ದೀಪ ಹೊಸ್ತಿಲ ಈಚೆಗೆ ಉರುಳಿತು.

ನಾನು ಇನಾಯತ್‌ನ ಮುಖ ನೋಡಿದೆ. ಅವನು ಮೊಬೈಲನ್ನು ಮಂಚದ ಮೇಲಿಟ್ಟು ಎರಡು ಅಂಗೈಯಿಂದಲೂ ಮುಖ ಉಜ್ಜಿಕೊಂಡ.

"ಬಿತ್ತಾ ಅವನಿಗೆ?" ಎಂದು ಕೇಳಿದರು ಹಾಲಮ್ಮ.

ಅವರ ಕೋಲು ಬಾಗಿಲ ಕಂಬಕ್ಕೆ ತಾಗಿತ್ತು. ಅದನ್ನು ನಾವಿಬ್ಬರೂ ನೋಡಿದ್ದೆವು.

"ಬಿತ್ತು ಅಜ್ಜಿ," ಎಂದ ಇನಾಯತ್. "ಸರಿಯಾಗೇ ಬಿತ್ತು."

ಹಾಲಮ್ಮ ಬಹಳ ಹೊತ್ತು ನಕ್ಕರು. ನಗು ಮುಗಿದ ಮೇಲೆ ನಾಳೆಯ ನೆನಪಾಯಿತು. ಮಗು ಎಲ್ಲಿ ಎಂದು ಕೇಳಿ, ಅದರ ಕಾಲು ಸವರುತ್ತ ಕೂತರು. ಮಂಚದ ಸಮೇತ ಎತ್ತಿಕೊಂಡು ಪಕ್ಕದ ಬೀದಿಗೆ ಹೋಗೋಣ, ಎಂಟು ಜನ ಸಾಕು ಎಂದು ಇನಾಯತ್ ಹೇಳಿದ. "ಬೇರೆಯವರ ಬೀದೀಲಿ ನಮ್ಮ ಕೂಸಿಗೆ ಹೆಸರಿಡೋದಾ? ಬೇಡ," ಎಂದರು ಹಾಲಮ್ಮ. "ಹೊತ್ತು ಮುಳುಗಿದ ಮೇಲೆ ಹೇಳ್ತೀನಿ. ಬಂದವರು ಕಾಯ್ಲಿ." ನೀಲಾಂಬಿಕೆ ಮಗುವನ್ನು ಸುಮಂಗಲೆಯ ಕೈಗೆ ಕೊಟ್ಟರು. ಗಿರಣಿಯ ಕಡೆ ಹೋದರು. ಗಿರಣಿ ಚಾಲೂ ಆದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ನಿಂತಿತು. ಬಂದು, ಎಲ್ಲರಿಗೂ ಊಟಕ್ಕೆ ಏಳಿ ಎಂದರು.

ಮರುದಿನ ನೆಂಟರೆಲ್ಲ ಬಂದರು. ಅಯ್ಯನವರು ಹೇಳಿದ ಹೊತ್ತಿಗೆ ಸರಿಯಾಗಿ ಮಂತ್ರ ಹೇಳಿ, ಅಕ್ಕಿಕಾಳು ಹಾಕಿ, ಕೇಳಿಸಿರಲಿ ಬಿಡಲಿ ತಮ್ಮ ಕೆಲಸ ಮುಗಿಯಿತೆಂದು ಕೈ ತೊಳೆದುಕೊಂಡರು. ಊಟವಾಯಿತು. ಯಾರೂ ಹೊರಡಲಿಲ್ಲ. ಮಧ್ಯಾಹ್ನವಿಡೀ ಜನ ನಡುಮನೆಯಲ್ಲಿ, ಜಗಲಿಯಲ್ಲಿ, ಗಿರಣಿಯ ಚೀಲಗಳ ಮೇಲೆ ಕೂತರು. ಹಾಲಮ್ಮನ ಒಂದು ಕೈ ನನ್ನ ಹತ್ತಿರ, ಇನ್ನೊಂದು ಇನಾಯತ್‌ನ ಹತ್ತಿರ ಇತ್ತು. ಕಿಟಕಿಯ ಬಿಸಿಲು ಗೋಡೆ ಹತ್ತುತ್ತ ಹತ್ತುತ್ತ ಸೂರು ಮುಟ್ಟಿತು. ಆಮೇಲೆ ಆರಿತು.

ಇದ್ದಕ್ಕಿದ್ದಂತೆ ಮಗುವಿನ ಅಳು ಮನೆ ತುಂಬಿತು. ಹಾಲಮ್ಮ ಬೆಚ್ಚಿದರು. "ಕೂಸು ಯಾಕೆ ಅಳೋಕೆ ಶುರುಮಾಡ್ತು?"

"ಬೆಳಿಗ್ಗೆಯಿಂದ ಅಳ್ತಾನೇ ಇದೆ ಅತ್ತೆ," ಎಂದರು ನೀಲಾಂಬಿಕೆ. "ಈಗ ಕೇಳಿಸ್ತು."

ಮಗುವನ್ನು ಅವರ ಮಡಿಲಲ್ಲಿ ಮಲಗಿಸಿದರು. ಹಾಲಮ್ಮ ಬೆರಳಿನಿಂದ ಕಿವಿ ಎಲ್ಲಿದೆ ಎಂದು ಹುಡುಕಿ, ಬಗ್ಗಿ, ಬಾಯಿ ಹತ್ತಿರ ಇಟ್ಟು ಹೆಸರು ಹೇಳಿದರು. ಮಗು ಇನ್ನೂ ಜೋರಾಗಿ ಅರಚಿತು. ಅಷ್ಟು ಹೊತ್ತು ಬಾಯಿ ಕಟ್ಟಿ ಕೂತಿದ್ದ ನೆಂಟರೆಲ್ಲ ಒಟ್ಟಿಗೇ ಮಾತಾಡತೊಡಗಿದ್ದರು. ಹೆಸರು ಏನೆಂದು ಯಾರಿಗೂ ಕೇಳಿಸಲಿಲ್ಲ.

"ಏನ್ ಹೆಸರು ಅಜ್ಜಿ?" ಎಂದ ಇನಾಯತ್. "ಸ್ವಲ್ಪ ಜೋರಾಗಿ ಹೇಳಿ."

"ತಡಿಯೋ. ಮೊದಲು ಇದಕ್ಕೆ ಕೇಳಿಸ್ಲಿ," ಎಂದರು ಹಾಲಮ್ಮ. ದನಿ ಎತ್ತಲಿಲ್ಲ. ಮತ್ತೆ ಬಗ್ಗಿ, ಅದೇ ಮೆಲುದನಿಯಲ್ಲಿ ಮತ್ತೊಮ್ಮೆ ಹೇಳಿದರು. ಮಗು ಕಾಲು ಝಾಡಿಸಿತು. ಅವರು ಅದರ ಪಾದ ಹಿಡಿದುಕೊಂಡು ಇನ್ನೊಂದು ಸಲ ಹೇಳಿದರು. ನಾವು ಕಾದೆವು.